ಕಾಡುಹರಳಿನ ಸಾಲ

ನಮ್ಮ ಹೊಲ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ತಾಲ್ಲೂಕಿನಲ್ಲಿದೆ. ಒಟ್ಟು ನಾಲ್ಕು ಎಕರೆ, ಎಲ್ಲವೂ ಮಳೆ ನಂಬಿದ ಕೆಂಪು ನೆಲ. ಹೊಗೇನಕಲ್ ಜಲಪಾತ ನೋಡಲು ಹೋಗುವವರು ಹೆಚ್ಚಾಗಿ ನಮ್ಮ ಪೇಟೆ ದಾಟಿಕೊಂಡೇ ಹೋಗುತ್ತಾರೆ. ಕಾವೇರಿ ಇಷ್ಟು ಹತ್ತಿರವಿದ್ದರೂ ಅದು ಹರಿಯುವುದು ಕೆಳಗೆ ಕಣಿವೆಯಲ್ಲಿ. ನಮ್ಮ ಹೊಲಕ್ಕೆ ಅದರ ನೀರು ಏರುವುದಿಲ್ಲ. ನನ್ನ ತವರು ನದಿಯ ಆಚೆ, ಕರ್ನಾಟಕದ ಹನೂರು ಕಡೆ. ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಬಂದ ಮನೆಯಲ್ಲೂ ಆಡುವುದು ಕನ್ನಡವೇ. ಪಟ್ಟಾ, ಚಿಟ್ಟಾದಂಥ ಜಮೀನಿನ ಪತ್ರಗಳು, ಬ್ಯಾಂಕಿನ ಕಾಗದಗಳು ಮಾತ್ರ ತಮಿಳು.

2006ರಿಂದ 2011ರವರೆಗೆ ನಮ್ಮ ನಾಲ್ಕು ಎಕರೆಯಲ್ಲಿ ಮೂರು ಎಕರೆಯನ್ನು ಕಾಡುಹರಳು ಆವರಿಸಿತ್ತು. ಜಟ್ರೋಫಾ ಎಂದು ಪೇಪರಿನಲ್ಲಿ ಬರೆಯುತ್ತಾರಲ್ಲ, ಅದೇ ಗಿಡ. ತಮಿಳಿನವರು ಕಾಟ್ಟಾಮಣಕ್ಕು ಎನ್ನುತ್ತಾರೆ. ಮೊದಲು ಅದನ್ನು ಬೇಲಿಗೆ ಮಾತ್ರ ನೆಡುತ್ತಿದ್ದರು, ದನ ಬಾಯಿ ಹಾಕುವುದಿಲ್ಲವೆಂದು. ಆ ಬೇಲಿಗಿಡವನ್ನು ಹೊಲದ ನಡುವೆ ನೆಟ್ಟದ್ದರಿಂದ ನಮ್ಮ ಮನೆಗೆ ಏನಾಯಿತೆಂದು ಇಲ್ಲಿ ಬರೆಯುತ್ತಿದ್ದೇನೆ. ಈಗ ಎಥೆನಾಲ್ ಹೆಸರಿನಲ್ಲಿ ಮತ್ತೆ ಅಂಥದ್ದೇ ಮಾತು ಊರೂರಲ್ಲಿ ಕೇಳುತ್ತಿರುವುದರಿಂದ ಬರೆಯಲೇಬೇಕು ಅನ್ನಿಸಿತು.

ಅದಕ್ಕೆ ಮೊದಲು ನಮ್ಮದು ರಾಗಿ ಹೊಲ. ಆಡಿ ತಿಂಗಳ ಮಳೆಗೆ ಬಿತ್ತನೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಕಲ್ಲು ಜಾಸ್ತಿ ಇರುವ ಮೂಲೆಗೆ ಸಾಮೆ. ಒಳ್ಳೆಯ ವರ್ಷದಲ್ಲಿ ಎಕರೆಗೆ ಆರೇಳು ಮೂಟೆ ರಾಗಿ. ಮನೆಗೆ ಬೇಕಾದ್ದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ವರ್ತಕರಿಗೆ ಹಾಕುತ್ತಿದ್ದೆವು. ಕೇಂದ್ರ ಸರ್ಕಾರ 2006-07ಕ್ಕೆ ರಾಗಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 540 ರೂಪಾಯಿ. ಆ ಬೆಲೆಗೆ ನಮ್ಮ ಕಡೆ ಕೊಳ್ಳುವವರು ಯಾರೂ ಇರಲಿಲ್ಲ, ವರ್ತಕ ಹೇಳಿದ್ದೇ ಬೆಲೆ. ಮೂಟೆಗೆ ಎರಡು ಕಿಲೋ ಸೂಟು ಬೇರೆ ಮುರಿದುಕೊಳ್ಳುತ್ತಿದ್ದ, ಕಲ್ಲುಮಣ್ಣಿನ ಲೆಕ್ಕ ಹೇಳಿ. ಹಾಗಾಗಿ ರಾಗಿಯಿಂದ ದುಡ್ಡು ಕಂಡವರಲ್ಲ ನಾವು. ಹೊಟ್ಟೆಗೆ ಮಾತ್ರ ಕೊರತೆ ಇರಲಿಲ್ಲ. ಹುಲ್ಲು ಮೆದೆ ಹಾಕಿದರೆ ಎರಡು ಹಸು, ಒಂದು ಜೊತೆ ಎತ್ತು ವರ್ಷವಿಡೀ ತಿನ್ನುತ್ತಿದ್ದವು. ಹಸುವಿನ ಹಾಲು ಡೈರಿಗೆ ಹೋಗುತ್ತಿತ್ತು, ಗೊಬ್ಬರ ಹೊಲಕ್ಕೆ.

2002ರಿಂದ ಬರ ಬಂತು. ಒಂದು ವರ್ಷವಲ್ಲ, ಮೇಲಿಂದ ಮೇಲೆ ಮಳೆ ಕೈಕೊಟ್ಟಿತು. ಬಿತ್ತಿದ್ದು ಮೊಳೆತು ಗೇಣುದ್ದಕ್ಕೇ ಒಣಗಿತು. ಮೆಟ್ಟೂರು ಅಣೆಕಟ್ಟೆಯ ಹಿನ್ನೀರು ಸರಿದು, ಅದರೊಳಗೆ ಮುಳುಗಿದ್ದ ಹಳೆಯ ಗುಡಿ ಹೊರಗೆ ಕಂಡ ಕಾಲ. ಎತ್ತು ಮಾರಿದೆವು. 2005ರ ಹಿಂಗಾರು ಧಾರಾಳವಾಗಿ ಸುರಿಯುವ ಹೊತ್ತಿಗೆ ನಮ್ಮ ಕೈಯಲ್ಲಿ ಬಿತ್ತನೆಗೆ ಬೀಜವೂ ಇರಲಿಲ್ಲ, ಉಳುವುದಕ್ಕೆ ಜೋಡಿಯೂ ಇರಲಿಲ್ಲ. ಕಾಡುಹರಳಿನವರು ಬಂದದ್ದು ಅದಾದ ಮೇಲೆ.

ಒಂದು ಕಂಪನಿಯ ಏಜೆಂಟರು ಜೀಪಿನಲ್ಲಿ ಬಂದು ಮಾರಮ್ಮನ ಗುಡಿಯ ಮುಂದೆ ಸಭೆ ಮಾಡಿದರು. ಅವರು ಹೇಳಿದ್ದರಲ್ಲಿ ಎಲ್ಲವೂ ಸುಳ್ಳಾಗಿರಲಿಲ್ಲ, ಹಾಗಾಗಿಯೇ ನಂಬಿಕೆ ಬಂತು. ಯೋಜನಾ ಆಯೋಗದ ಸಮಿತಿ 2003ರಲ್ಲಿ ದೇಶದಲ್ಲಿ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಈ ಗಿಡ ಬೆಳೆಸಬಹುದೆಂದು ಬರೆದಿತ್ತು. ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಹೋದಲ್ಲೆಲ್ಲ ಇದರ ಮಾತಾಡುತ್ತಿದ್ದರು. ರಾಜ್ಯ ಸರ್ಕಾರ ಸಸಿಗೆ ಸಹಾಯಧನ ಕೊಡುತ್ತಿತ್ತು. ಕೇಂದ್ರ ಸರ್ಕಾರ 2006ರ ಜನವರಿಯಿಂದ ಜೈವಿಕ ಡೀಸೆಲನ್ನು ಲೀಟರಿಗೆ 25 ರೂಪಾಯಿಯಂತೆ ಕೊಳ್ಳುವುದಾಗಿ ಪ್ರಕಟಿಸಿತ್ತು. ಏಜೆಂಟರ ಲೆಕ್ಕ ಹೀಗಿತ್ತು: ನೀರು ಬೇಡ, ಗೊಬ್ಬರ ಬೇಡ, ರೋಗ ಬರುವುದಿಲ್ಲ, ದನ ಮೇಯುವುದಿಲ್ಲ. ಮೂರನೆಯ ವರ್ಷದಿಂದ ಎಕರೆಗೆ ಎರಡು ಟನ್ ಬೀಜ. ಕಿಲೋಗೆ ಆರು ರೂಪಾಯಿ. ಎಕರೆಗೆ ಹನ್ನೆರಡು ಸಾವಿರ, ಮೂವತ್ತು ವರ್ಷದವರೆಗೆ.

ಒಳ್ಳೆಯ ವರ್ಷದಲ್ಲೂ ರಾಗಿಯಿಂದ ಎಕರೆಗೆ ನಾಲ್ಕು ಸಾವಿರ ತರದ ನೆಲಕ್ಕೆ ಹನ್ನೆರಡು ಸಾವಿರ ಎಂದರೆ ಯಾರಿಗೆ ಆಸೆಯಾಗದು? ನಮ್ಮ ಮಾವ ಒಂದೇ ಪ್ರಶ್ನೆ ಕೇಳಿದರು: “ಕಾಯಿ ಬಿಟ್ಟಾಗ ನೀವು ಬರದೆ ಇದ್ರೆ ಯಾರಿಗೆ ಮಾರಾನ, ಸ್ವಾಮಿ?” ಏಜೆಂಟರು ಒಪ್ಪಂದದ ಕಾಗದ ತೋರಿಸಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಸಭೆಯಲ್ಲಿ ಕೂತವರಲ್ಲಿ ತಮಿಳು ಓದುವವರಿದ್ದರು, ನನ್ನಂತೆ ಕನ್ನಡ ಓದುವವರೂ ಒಬ್ಬಿಬ್ಬರಿದ್ದೆವು. ಇಂಗ್ಲಿಷ್ ಓದಿ ಹೇಳುವವರು ಅವರೇ.

ನನ್ನ ಕೊರಳಿನ ಸರ ಅಡವಿಟ್ಟು ಸಾಲ ತಂದೆವು. ಎಕರೆಗೆ ಸಾವಿರ ಗುಂಡಿ, ಮೂರು ಎಕರೆಗೆ ಮೂರು ಸಾವಿರ. ಕೆಂಪು ನೆಲ, ಅದರಡಿ ಮೊರಂಬು. ಗಡಾರಿ ಹಾಕಿದರೆ ಕೈ ಅದುರುತ್ತಿತ್ತು. ಗುಂಡಿ ತೋಡಲು ಕೂಲಿಯವರಿಗೆ ಕೊಟ್ಟ ದುಡ್ಡೇ ಸಸಿಯ ದುಡ್ಡಿಗಿಂತ ಹೆಚ್ಚಾಯಿತು. ಒಂದು ಎಕರೆ ಮಾತ್ರ ಮಾವ ಬಿಡಲಿಲ್ಲ, ರಾಗಿಗೆ ಇರಲಿ ಎಂದರು. ಆ ಎಕರೆ ಉಳಿದದ್ದರಿಂದ ನಾವು ಉಳಿದೆವು.

ಮೊದಲನೆಯ ವರ್ಷ ಗಿಡ ಚೆನ್ನಾಗಿಯೇ ಬಂತು. ಎರಡನೆಯ ವರ್ಷ ಎಲೆ ಸುತ್ತುವ ಹುಳು ಬಿತ್ತು, ಕಾಂಡಕ್ಕೆ ಬಿಳಿ ಹಿಟ್ಟು ತಿಗಣೆ. ರೋಗ ಬರುವುದಿಲ್ಲ ಎಂದಿದ್ದರಿಂದ ಔಷಧಿಗೆ ದುಡ್ಡು ಇಟ್ಟುಕೊಂಡಿರಲಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ಒಣಕಟ್ಟಿಗೆಯಾಗಿ ನಿಂತಿತು. ನೀರಿಲ್ಲದೆ ಗಿಡ ಬದುಕುತ್ತದೆ, ಅದು ನಿಜ. ಕಾಯಿ ಬಿಡಬೇಕಾದರೆ ಅದಕ್ಕೂ ನೀರು ಬೇಕು, ಗೊಬ್ಬರ ಬೇಕು. ಇದನ್ನು ಗುಡಿಯ ಮುಂದಿನ ಸಭೆಯಲ್ಲಿ ಯಾರೂ ಹೇಳಿರಲಿಲ್ಲ. ಬೋರ್‌ವೆಲ್ ಇದ್ದ ಒಂದೆರಡು ದೊಡ್ಡ ಹೊಲದವರಿಗೆ ಕಾಯಿ ಸಿಕ್ಕಿತು, ನಮ್ಮಂಥವರಿಗೆ ಎಲೆ.

ಮೂರನೆಯ ವರ್ಷ, 2008ರ ಮಳೆ ಮುಗಿದ ಮೇಲೆ ಕಾಯಿ ಕಂಡಿತು. ಕಾಯಿ ಬಿಡಿಸುವ ಕೆಲಸವನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಆ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ರಾಗಿ ಒಟ್ಟಿಗೆ ಮಾಗುತ್ತದೆ, ಒಂದು ಸಲ ಕುಡುಗೋಲು ಹಾಕಿದರೆ ಆಯಿತು. ಕಾಡುಹರಳು ಹಾಗಲ್ಲ. ಒಂದೇ ಗೊಂಚಲಿನಲ್ಲಿ ಒಂದು ಕಾಯಿ ಹಸಿರು, ಒಂದು ಹಳದಿ, ಒಂದು ಒಣಗಿ ಕಪ್ಪು. ಮಾಗಿದ್ದನ್ನು ಆರಿಸಿ ಬಿಡಿಸಬೇಕು, ವಾರ ಬಿಟ್ಟು ಮತ್ತೆ ಅದೇ ಗಿಡಕ್ಕೆ ಬರಬೇಕು. ತೊಟ್ಟು ಮುರಿದಾಗ ಹಾಲು ಒಸರುತ್ತದೆ. ಅದು ಸೀರೆಗೆ ಬಿದ್ದರೆ ಕಂದು ಕಲೆ, ಎಷ್ಟು ಒಗೆದರೂ ಹೋಗುವುದಿಲ್ಲ. ಮನೆಗೆ ತಂದು ಒಣಗಿಸಿ, ಸಿಪ್ಪೆ ಸುಲಿದರೆ ಒಳಗೆ ಮೂರು ಕಪ್ಪು ಬೀಜ. ನಾನೂ ನಮ್ಮತ್ತೆಯೂ ಬೆಳಗಿನಿಂದ ಸಂಜೆವರೆಗೆ ಬಿಡಿಸಿ, ರಾತ್ರಿ ಕೂತು ಸುಲಿದರೂ ಆ ದಿನದ ಬೀಜ ಒಂದು ಮೊರದ ಮೇಲೆ ಹರಡಿಬಿಡುತ್ತಿತ್ತು. ಆ ವರ್ಷದ ಏಪ್ರಿಲ್‌ನಿಂದ ಉದ್ಯೋಗ ಖಾತರಿಯ ನೂರು ದಿನದ ಕೆಲಸ ನಮ್ಮ ಜಿಲ್ಲೆಗೂ ಬಂದಿತ್ತು, ದಿನಕ್ಕೆ 80 ರೂಪಾಯಿ, ಹೆಂಗಸರಿಗೂ ಗಂಡಸರಿಗೂ ಒಂದೇ. ಕೆರೆ ಹೂಳೆತ್ತಲು ಹೋದರೆ 80 ಸಿಗುವಾಗ ಕಾಡುಹರಳು ಬಿಡಿಸಲು ಯಾವ ಕೂಲಿ ಬರುತ್ತಾರೆ? ಬರಬಾರದು ಕೂಡ. ಕೂಲಿ ಕೊಟ್ಟು ಬಿಡಿಸಿದ್ದರೆ ಬೀಜದ ಬೆಲೆಯೆಲ್ಲ ಕೂಲಿಗೇ ಹೋಗುತ್ತಿತ್ತು.

ಆ ದಿನಗಳಲ್ಲೇ ನನ್ನ ಮಗ ಬೀಜ ತಿಂದ. ಆಗ ಅವನಿಗೆ ಐದು ವರ್ಷ. ಜಗುಲಿಯಲ್ಲಿ ಒಣಹಾಕಿದ್ದನ್ನು ಪಕ್ಕದ ಮನೆಯ ಇಬ್ಬರು ಮಕ್ಕಳ ಜೊತೆ ಒಡೆದು ತಿಂದಿದ್ದಾನೆ. ಒಳಗಿನ ಬಿಳಿ ತಿರುಳು ಕಡಲೆಕಾಯಿಯ ಹಾಗೆ ರುಚಿಯಾಗಿರುತ್ತದಂತೆ. ಹೊತ್ತು ಮುಳುಗುವಾಗ ವಾಂತಿ ಶುರುವಾಯಿತು, ಆಮೇಲೆ ಭೇದಿ. ಮೂವರಿಗೂ ಒಂದೇ ಥರ. ಕಣ್ಣು ಒಳಗೆ ಹೋಗಿ, ತುಟಿ ಒಣಗಿ, ಕರೆದರೆ ಓಗೊಡುವುದನ್ನು ನಿಲ್ಲಿಸಿದ. ಹಾಲಿನ ಟೆಂಪೋದಲ್ಲಿ ಪೆನ್ನಾಗರಂಗೆ, ಅಲ್ಲಿಂದ ಧರ್ಮಪುರಿಯ ದೊಡ್ಡಾಸ್ಪತ್ರೆಗೆ. ನನ್ನ ಮಡಿಲಲ್ಲಿ ಅವನ ತಲೆ ಹಗುರವಾಗಿತ್ತು, ಅಷ್ಟು ಹಗುರವಾಗಿ ಅವನು ಹುಟ್ಟಿದಾಗಲೂ ಇರಲಿಲ್ಲ. ರಾತ್ರಿಯಿಡೀ ಗ್ಲೂಕೋಸ್ ಏರಿಸಿದರು. ಈ ಬೀಜ ತಿಂದ ಮಕ್ಕಳು ಆಗಾಗ ಬರುತ್ತಿರುತ್ತಾರೆ ಎಂದು ನರ್ಸಮ್ಮ ಹೇಳಿದರು. ಮೂರು ಮಕ್ಕಳೂ ಬದುಕಿದರು. ಆ ಆಸ್ಪತ್ರೆಯವರ ಋಣ ನನ್ನ ಮೇಲಿದೆ. ಬೀಜದಲ್ಲಿ ವಿಷವಿದೆ ಎಂಬ ಒಂದು ಮಾತನ್ನು ಸಸಿ ಕೊಟ್ಟವರು ಹೇಳಬಹುದಿತ್ತು. ಕಂಪನಿಯ ಜೊತೆ ನನಗಿರುವ ಜಗಳದಲ್ಲಿ ದುಡ್ಡಿನ ವಿಷಯ ಎರಡನೆಯದು, ಮೊದಲನೆಯದು ಇದು.

ಮೂರು ಎಕರೆಯಿಂದ ಕೊನೆಗೆ ಸಿಕ್ಕಿದ ಬೀಜ ನಾಲ್ಕು ಮೂಟೆಗೂ ಬರಲಿಲ್ಲ. ಏಜೆಂಟರ ಲೆಕ್ಕದಲ್ಲಿ ಅರವತ್ತು ಮೂಟೆಯಾಗಬೇಕಿತ್ತು. ಅಷ್ಟನ್ನಾದರೂ ಕೊಳ್ಳಲು ಯಾರು ಬರುತ್ತಾರೆಂದು ಕಾದೆವು. ಫೋನ್ ಮಾಡಿದರೆ ಎತ್ತುವುದನ್ನು ನಿಲ್ಲಿಸಿದ್ದರು. 2008ರ ಜುಲೈನಲ್ಲಿ ಒಂದು ಪೀಪಾಯಿ ಕಚ್ಚಾ ಎಣ್ಣೆಗೆ 147 ಡಾಲರ್ ಇದ್ದದ್ದು ಡಿಸೆಂಬರಿಗೆ 40ಕ್ಕಿಂತ ಕೆಳಗೆ ಬಿದ್ದಿತ್ತೆಂದು ನಾನು ತಿಳಿದದ್ದು ಎಷ್ಟೋ ಆಮೇಲೆ. ಕೆಲವರು ಹೇಳುತ್ತಾರೆ, ಎಣ್ಣೆಯ ಬೆಲೆ ಬಿದ್ದದ್ದರಿಂದ ಗಿಡದ ಕಥೆ ಮುಗಿಯಿತೆಂದು. ನನಗೆ ಹಾಗೆನ್ನಿಸುವುದಿಲ್ಲ. ಲೆಕ್ಕ ಮೊದಲಿನಿಂದಲೇ ಕೂಡುತ್ತಿರಲಿಲ್ಲ. ಗಾಣಕ್ಕೆ ಸುಮಾರು ನಾಲ್ಕು ಕಿಲೋ ಬೀಜ ಹಾಕಿದರೆ ಒಂದು ಲೀಟರ್ ಎಣ್ಣೆ. ಕಿಲೋಗೆ ಆರು ರೂಪಾಯಿ ಕೊಟ್ಟರೆ ಬೀಜಕ್ಕೇ 24 ರೂಪಾಯಿ. ಸಾಗಣೆ, ಗಾಣ, ಎಣ್ಣೆಯನ್ನು ಡೀಸೆಲ್ ಮಾಡುವ ಖರ್ಚು, ಎಲ್ಲಕ್ಕೂ ಸೇರಿ ಉಳಿದದ್ದು ಒಂದು ರೂಪಾಯಿ. ಯಾಕೆಂದರೆ ಸರ್ಕಾರ ಕೊಳ್ಳುವ ಬೆಲೆ 25. ಐದನೇ ಕ್ಲಾಸಿನ ಹುಡುಗನೂ ಸ್ಲೇಟಿನ ಮೇಲೆ ಹಾಕಬಹುದಾದ ಲೆಕ್ಕ ಇದು. ದೊಡ್ಡ ದೊಡ್ಡವರು ಇದನ್ನು ಹಾಕದೆ ನಮ್ಮ ಹೊಲಕ್ಕೆ ಜೀಪು ಕಳಿಸಿದರು.

ನಾಲ್ಕು ಮೂಟೆಯನ್ನು ಸೇಲಂ ಕಡೆಯ ಒಬ್ಬ ಸೋಪಿನೆಣ್ಣೆಯ ವ್ಯಾಪಾರಿ ಹರಳಿನ ಜೊತೆ ಬೆರೆಸಲೆಂದು ಕೇಳಿದ ಬೆಲೆಗೆ ಒಯ್ದ. ಲಾರಿ ಬಾಡಿಗೆ ಕಳೆದು ಕೈಗೆ ಬಂದದ್ದು ಸಾಲದ ಬಡ್ಡಿಗೂ ಸಾಲಲಿಲ್ಲ.

ನಮ್ಮ ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ತಿರುಪ್ಪೂರಿಗೆ ಬಸ್ ಹತ್ತುವುದು ಹೊಸದೇನಲ್ಲ. ಆದರೆ ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಒಂದು ಎಕರೆಯ ಹುಲ್ಲು ಹಸುಗಳಿಗೆ ಸಾಲದೆ ಅವನ್ನೂ ಮಾರಿದೆವು. ಹಾಲಿನ ದುಡ್ಡು ನಿಂತಿತು, ಗೊಬ್ಬರ ನಿಂತಿತು, ಗೊಬ್ಬರವಿಲ್ಲದೆ ಉಳಿದ ಎಕರೆಯ ರಾಗಿಯೂ ಇಳಿಯಿತು. ರಾಗಿ ಬಿಟ್ಟರೆ ಕಾಳು ಮಾತ್ರ ಹೋಗುತ್ತದೆ ಎಂದು ಲೆಕ್ಕ ಹಾಕುವವರಿಗೆ ಇದು ಕಾಣುವುದಿಲ್ಲ. ನಮ್ಮ ಒಲೆ ಆರದಂತೆ ನೋಡಿಕೊಂಡದ್ದು ರೇಷನ್ ಅಕ್ಕಿ. 2006ರಲ್ಲಿ ಕಿಲೋಗೆ ಎರಡು ರೂಪಾಯಿ, 2008ರ ಸೆಪ್ಟೆಂಬರಿನಿಂದ ಒಂದು ರೂಪಾಯಿ, 2011ರಿಂದ ಪುಕ್ಕಟೆ. ಆ ಅಕ್ಕಿಯ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆಯೇ ಇನ್ನೊಂದು ಮಾತನ್ನೂ ಹೇಳಬೇಕು: ಅಕ್ಕಿ ಬಂದಷ್ಟೂ ಮನೆಮನೆಯಲ್ಲಿ ಮುದ್ದೆ ಕಡಿಮೆಯಾಯಿತು, ರಾಗಿ ಕೇಳುವವರು ಕಡಿಮೆಯಾದರು. ಆಗ ಅಕ್ಕಿಯ ಜೊತೆ ಒಂದಿಷ್ಟು ನಮ್ಮದೇ ರಾಗಿಯನ್ನು ಕೊಂಡು ರೇಷನ್ನಿನಲ್ಲಿ ಹಂಚಿದ್ದರೆ ನಾವು ಕಾಡುಹರಳಿನ ಹತ್ತಿರ ಸುಳಿಯುತ್ತಿರಲಿಲ್ಲ. ಕರ್ನಾಟಕದಲ್ಲಿ ಆ ಕೆಲಸ ನಮಗಿಂತ ಎಷ್ಟೋ ಮೊದಲೇ ಶುರುವಾಯಿತು. ನದಿಯಾಚೆ ನಮ್ಮಣ್ಣನ ಹಳ್ಳಿಯವರು ಬೆಂಬಲ ಬೆಲೆಗೆ ರಾಗಿ ಹಾಕಿ ಬರುತ್ತಿದ್ದರು, ಈಚೆ ನಾವು ವರ್ತಕನ ಮುಂದೆ ನಿಲ್ಲುತ್ತಿದ್ದೆವು.

ನಮ್ಮದೊಂದೇ ಮನೆಯ ಕಥೆಯೋ ಇದು ಎಂದು ಬಹಳ ದಿನ ಅಂದುಕೊಂಡಿದ್ದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಶರಚ್ಚಂದ್ರ ಲೆಲೆ ಅವರೂ ಸ್ಪೇನಿನ ಪೆರೆ ಅರಿಝಾ-ಮೊಂಟೊಬ್ಬಿಯೊ ಅವರೂ ಕೊಯಮತ್ತೂರು, ತಿರುವಣ್ಣಾಮಲೈ ಜಿಲ್ಲೆಗಳಲ್ಲಿ ಈ ಗಿಡ ನೆಟ್ಟವರನ್ನು ಕಂಡು ಮಾತಾಡಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಇಳುವರಿ ಹೇಳಿದ್ದಕ್ಕಿಂತ ತೀರಾ ಕಡಿಮೆ, ಬೆಳೆ ಗಿಟ್ಟುವುದಿಲ್ಲ, ನೀರಿದ್ದವರಿಗೆ ಮಾತ್ರ ಏನಾದರೂ ದಕ್ಕೀತು, ಬಡ ರೈತ ಇನ್ನೂ ಬಡವನಾಗುತ್ತಾನೆ ಎಂಬುದು ಅವರು ಕಂಡದ್ದು. ಮಗ ಅದನ್ನು ಓದಿ ಹೇಳಿದಾಗ ನಮ್ಮ ಹೊಲವನ್ನೇ ನೋಡಿ ಬರೆದಂತಿತ್ತು.

2011ರಲ್ಲಿ ಗಿಡ ಕಿತ್ತೆವು. ಕಡಿದರೆ ಸಾಯುವ ಗಿಡವಲ್ಲ ಅದು, ಬುಡದಿಂದ ಮತ್ತೆ ಚಿಗುರುತ್ತದೆ. ಕಟ್ಟಿಗೆ ಒಲೆಗೂ ಆಗುವುದಿಲ್ಲ, ಬರೀ ಹೊಗೆ. ಕೊನೆಗೆ ಜೆಸಿಬಿ ತರಿಸಿ ಬೇರುಸಹಿತ ಎತ್ತಿಸಿದೆವು. ನೆಡಲು ಒಂದು ಸಾಲ, ಕೀಳಲು ಇನ್ನೊಂದು ಸಾಲ. ನಮ್ಮ ಮಾವ ಆ ಹೊಲದಲ್ಲಿ ಮತ್ತೆ ರಾಗಿ ತೆನೆ ನೋಡುವವರೆಗೆ ಇದ್ದರು. ನನ್ನ ಸರ ಮಾತ್ರ ಮನೆಗೆ ಬರಲಿಲ್ಲ, ಹರಾಜಿಗೆ ಹೋಯಿತು.

ಆಮೇಲಿನ ಹತ್ತು ವರ್ಷ ಸಾಲ ತೀರಿಸುವುದರಲ್ಲೇ ಹೋಯಿತು. 2023ರಲ್ಲಿ ಒಂದು ಒಳ್ಳೆಯದಾಯಿತು. ತಮಿಳುನಾಡು ನಾಗರಿಕ ಪೂರೈಕೆ ನಿಗಮದವರು ನಮ್ಮ ಜಿಲ್ಲೆಯಲ್ಲಿ ರಾಗಿಯನ್ನು ನೇರವಾಗಿ ಕೊಳ್ಳಲು ಶುರು ಮಾಡಿದರು. ಬೆಲೆ ಕ್ವಿಂಟಲಿಗೆ 3,578 ರೂಪಾಯಿ. ಅದೇ ವರ್ಷ ಧರ್ಮಪುರಿ, ನೀಲಗಿರಿ ಎರಡು ಜಿಲ್ಲೆಯ ಕಾರ್ಡುದಾರರಿಗೆ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡತೊಡಗಿದರು. ಚಿಟ್ಟಾ, ಬೆಳೆ ದಾಖಲೆಯ ಅಡಂಗಲ್, ಗ್ರಾಮ ಆಡಳಿತಾಧಿಕಾರಿಯ (ವಿಎಒ) ಸಹಿ, ಆಧಾರ್, ಪಾಸ್‌ಬುಕ್ಕು ಎಲ್ಲ ಹೊಂದಿಸಿಕೊಂಡು ಕೊಳ್ಳುವ ಕೇಂದ್ರಕ್ಕೆ ಹೋದೆ. ತೇವ ನೋಡುವ ಮಿಷಿನ್ನಿಗೆ ಒಂದು ಹಿಡಿ ರಾಗಿ ಹಾಕಿದರು. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮೂಟೆ ಕೂತಾಗ ಅಂಕಿ ನನ್ನ ಕಡೆಗೂ ಕಾಣುತ್ತಿತ್ತು. ಸೂಟು ಮುರಿಯಲಿಲ್ಲ. ದುಡ್ಡು ಖಾತೆಗೆ ಬಂತು. ಅಂದು ವರ್ತಕರು ಕೇಳುತ್ತಿದ್ದದ್ದು ಕಿಲೋಗೆ ಐದಾರು ರೂಪಾಯಿ ಕಡಿಮೆ. ಕೇಂದ್ರ ತೆರೆದ ಮೇಲೆ ಅವರೂ ಬೆಲೆ ಏರಿಸಿದರು. ಸರ್ಕಾರ ಎಲ್ಲರ ರಾಗಿಯನ್ನೂ ಕೊಳ್ಳಬೇಕಾಗಿಲ್ಲ, ಬಾಗಿಲು ತೆರೆದಿಟ್ಟುಕೊಂಡು ಕೂತರೂ ಸಾಕು, ಪೇಟೆ ಸರಿಯಾಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ 4,886 ಆಯಿತು. ಸಾಮೆಗೆ ಇನ್ನೂ ಅದರದೇ ಬೆಂಬಲ ಬೆಲೆ ಎಂಬುದಿಲ್ಲ, ಬೆಟ್ಟದ ಊರುಗಳವರು ಈಗಲೂ ವರ್ತಕನನ್ನೇ ನಂಬಬೇಕು.

ಈಗ ಎಥೆನಾಲ್ ಮಾತು. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಬೆರೆಸುವ ಗುರಿಯನ್ನು 2030ರಿಂದ 2025-26ಕ್ಕೆ ಹಿಂದಕ್ಕೆ ತಂದರು, ಮುಟ್ಟಿಯೂ ಮುಟ್ಟಿದರು. ಮುಸುಕಿನ ಜೋಳದ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಗೊತ್ತು ಮಾಡಿದರು. ಇದನ್ನು ಕೇಳಿ ಹನೂರಿನಲ್ಲಿ ನಮ್ಮಣ್ಣ ರಾಗಿ ಬಿಟ್ಟು ಜೋಳ ಹಾಕಿದ. ಒಂದೆರಡು ವರ್ಷ ಬೆಲೆ ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಆಮೇಲೆ ಸರ್ಕಾರವೇ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲಿಗೆ 2,250 ರೂಪಾಯಿಯಂತೆ ಎಥೆನಾಲ್ ಕಾರ್ಖಾನೆಗಳಿಗೆ ಕೊಡತೊಡಗಿತು. ಅಗ್ಗದ ಅಕ್ಕಿ ಸಿಗುವಾಗ ಅವರು ಜೋಳವನ್ನು ಯಾಕೆ ಕೊಂಡಾರು? 2025ರ ನವೆಂಬರಿನಲ್ಲಿ ಮುಸುಕಿನ ಜೋಳದ ಬೆಂಬಲ ಬೆಲೆ 2,400 ಇದ್ದಾಗ ಕರ್ನಾಟಕದ ಪೇಟೆಗಳಲ್ಲಿ 1,600, 1,800ಕ್ಕೆ ಕೇಳುತ್ತಿದ್ದರು. ಹಾವೇರಿ, ಗದಗ ಕಡೆಯ ರೈತರು ರಸ್ತೆಯಲ್ಲಿ ಕೂತರು. ಅಣ್ಣ ಫೋನಿನಲ್ಲಿ ಹೇಳಿದ: “ನಿನ್ನ ಕಾಡುಹರಳಿನ ಥರಾನೇ ಆಯ್ತು ಕಣವ್ವ.” ಅದೇ ಥರ ಅಲ್ಲ ಅಣ್ಣ ಎಂದೆ. ಜೋಳವನ್ನು ದನಕ್ಕೆ ಹಾಕಬಹುದು, ಕೋಳಿಫಾರಂನವರು ಕೊಳ್ಳುತ್ತಾರೆ, ಕಡ್ಡಿಯಾದರೂ ಮೇವಾಗುತ್ತದೆ. ನಮ್ಮ ಬೀಜಕ್ಕೆ ಇದ್ದದ್ದು ಒಂದೇ ಬಾಗಿಲು, ಅದು ಮುಚ್ಚಿತು. ಆದರೆ ಬೆಲೆಯನ್ನು ಕಾರ್ಖಾನೆಗೆ ಗೊತ್ತು ಮಾಡಿ ರೈತನಿಗೆ ಗೊತ್ತು ಮಾಡದೆ ಬಿಡುವುದು ಅಂದೂ ಇಂದೂ ಒಂದೇ. ಲೀಟರಿಗೆ ಇಂತಿಷ್ಟು ಎಂದು ಬರೆದುಕೊಡುವ ಸರ್ಕಾರ, ಆ ಲೀಟರಿನ ಹಿಂದಿರುವ ಕಾಳನ್ನು ಇಂತಿಷ್ಟಕ್ಕೆ ಕೊಂಡ ರಶೀದಿ ತೋರಿಸಿದರೆ ಮಾತ್ರ ದುಡ್ಡು ಎಂದು ಯಾಕೆ ಬರೆಯಬಾರದು?

ಮಗ ಈಗ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಾನು, ನಮ್ಮ ಮನೆಯವರು ನಾಲ್ಕು ಎಕರೆಯಲ್ಲೂ ರಾಗಿ, ಸಾಮೆ ಮಾಡುತ್ತೇವೆ. ಅಕ್ಕಡಿ ಸಾಲು ಮತ್ತೆ ಹಾಕಿದ್ದೇವೆ, ಒಂದು ಹಸುವಿದೆ.

ಇದನ್ನು ಓದುವ ರೈತರಲ್ಲಿ ನನ್ನದೊಂದು ಕೇಳಿಕೆ. ಹೊಸ ಬೆಳೆ ಹಿಡಿದು ಯಾರೇ ಬರಲಿ, ಕಂಪನಿಯವರಾಗಲಿ, ಸರ್ಕಾರದವರಾಗಲಿ, ಬೆಲೆ ಎಷ್ಟು, ಕೊಳ್ಳುವ ಕೇಂದ್ರ ಯಾವ ಊರಿನಲ್ಲಿದೆ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಬೀಜವನ್ನು ಮಗು ತಿಂದರೆ ಏನಾಗುತ್ತದೆ, ಇಷ್ಟನ್ನೂ ನಿಮಗೆ ಓದಲು ಬರುವ ಭಾಷೆಯಲ್ಲಿ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಗುಂಡಿ ತೋಡಬೇಡಿ. ಅಧಿಕಾರದಲ್ಲಿರುವವರನ್ನು ಕೇಳುವುದು ಇಷ್ಟು: ರಾಗಿ ಕೊಳ್ಳುವ ಕೇಂದ್ರವನ್ನು ಕೊಯ್ಲಿಗೆ ಮೊದಲೇ ತೆರೆಯಿರಿ, ಸಾಮೆಯನ್ನೂ ಅದೇ ತಕ್ಕಡಿಗೆ ಹಾಕಿಸಿಕೊಳ್ಳಿ.